ಬಾಯಿ ಹೊಲಿಯದ ಮೂಟೆ

ಚಿಕ್ಕಮಗಳೂರಿನ ಐ.ಜಿ. ರಸ್ತೆಯಲ್ಲಿ ಮಹಡಿ ಮೇಲೆ ಎರಡು ಕೋಣೆಯ ಆಫೀಸು ನಮ್ಮದು. ಕಾಫಿ ತೋಟಗಳಲ್ಲಿ ನೆಟ್ಟ ಸೆನ್ಸರ್‌ಗಳಿಂದ ಬರುವ ಮಳೆಯ ಲೆಕ್ಕ ನೋಡಿಕೊಳ್ಳುತ್ತೇವೆ. ಕಾಫಿ ಹೂ ಅರಳಿಸುವ ಹೂಮಳೆ ಹೊತ್ತಿಗೆ, ಅಂದರೆ ಮಾರ್ಚ್ ಬಂತೆಂದರೆ, ತೋಟದವರ ಫೋನು ನಿಲ್ಲುವುದೇ ಇಲ್ಲ. ಅಂಥ ದಿನಗಳಲ್ಲೇ ಸೆನ್ಸರ್ ಸಾಲುಸಾಲಾಗಿ ಬರೆದಿಟ್ಟ ಒಂದು ಹಳೇ ಲಾಗ್ ಫೈಲು ಕೈಗೆ ಬಂತು. 6 ಜಿಬಿ. ನನ್ನ ಲ್ಯಾಪ್‌ಟಾಪಿನಲ್ಲಿ ಇರುವ ಮೆಮೊರಿಯೇ 8.

ಕೆಲಸ ಶೇಕಡಾ ಎಷ್ಟು ಮುಗಿಯಿತೆಂದು ಸ್ಕ್ರೀನಿನಲ್ಲಿ ತೋರಿಸುವ ಹುಕಿ ನನಗೆ. ಅದಕ್ಕೆ ಒಟ್ಟು ಸಾಲುಗಳ ಲೆಕ್ಕ ಬೇಕಲ್ಲ? ಪೈಥಾನ್ ಭಾಷೆಯಲ್ಲಿ ಇಡೀ ಫೈಲನ್ನು ಒಮ್ಮೆಗೇ ಓದಿ ಸಾಲುಗಳ ಲಿಸ್ಟ್ ಕೊಡುವ ರೀಡ್‌ಲೈನ್ಸ್ ಕರೆದು, ಸಿಕ್ಕ ಲಿಸ್ಟಿನ ಉದ್ದ ಕೇಳಿದೆ. ಸ್ವಲ್ಪ ಹೊತ್ತಿಗೆ ಮೌಸೂ ಅಲ್ಲಾಡದಾಯಿತು. ಹಾಗೆ ಓದಿದರೆ ಪ್ರತಿ ಸಾಲೂ ಬೇರೆ ಬೇರೆ ಸ್ಟ್ರಿಂಗ್, ಅಂದರೆ ಅಕ್ಷರಗಳ ಸರ, ಆಗಿ ಮೆಮೊರಿಯಲ್ಲಿ ಕೂರುತ್ತದೆ. ನಲವತ್ತು ಅಕ್ಷರದ ಸಾಲಿಗೆ ಮೇಲುಖರ್ಚೇ ಸುಮಾರು ಇನ್ನೊಂದು ನಲವತ್ತು ಬೈಟು. 6 ಜಿಬಿ 12 ದಾಟಿದರೆ ಆಶ್ಚರ್ಯವೇನು!

ಎಣಿಸುವುದಕ್ಕೆ ಸಾಲು ಓದಲೇಬೇಕಿಲ್ಲ. ಫೈಲನ್ನು ಬೈನರಿಯಾಗಿ, ಅಂದರೆ ಅಕ್ಷರಕ್ಕೆ ತಿರುಗಿಸದೆ ಬರೀ ಬೈಟುಗಳಾಗಿ, ತೆರೆದು, 1 ಎಂಬಿಯಂತೆ ತುಂಡು ತುಂಡಾಗಿ ತಂದು, ಸಾಲು ಮುರಿಯುವ ಬೈಟ್, ಅಂದರೆ 10, ಎಷ್ಟು ಸಲ ಇದೆ ಎಂದು ಲೆಕ್ಕ ಹಾಕಿದರೆ ಸಾಕು. ಷರಾ ಕಾಲಮಿನಲ್ಲಿ ಕನ್ನಡ ಇತ್ತು, ಅದೊಂದು ಭಯ. ಆದರೆ ಅಕ್ಷರಗಳನ್ನು ಬೈಟುಗಳಾಗಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ನಮ್ಮ ‘ಮ’ಕ್ಕೆ ಹಿಡಿಯುವ ಮೂರು ಬೈಟುಗಳಲ್ಲಿ ಯಾವುದೂ 10 ಆಗುವುದಿಲ್ಲ. ಮೆಮೊರಿ ಏರಲೇ ಇಲ್ಲ.

ಆದರೆ ಫೈಲಿನಲ್ಲಿ ಇರುವುದಕ್ಕಿಂತ ಒಂದು ಸಾಲು ಕಮ್ಮಿ ಬಂತು. ಸಾಲು ಎಣಿಸುವ ಲಿನಕ್ಸಿನ ಡಬ್ಲ್ಯೂಸಿ ಕಮಾಂಡು ಕೊಟ್ಟರೂ ಅಷ್ಟೇ. ಅದೂ ಎಣಿಸುವುದು ಆ ಬೈಟನ್ನೇ. ಫೈಲಿನ ಕಡೇ ಸಾಲಿಗೆ ಅದು ಇರಲಿಲ್ಲ. ಅದನ್ನೂ ಸೇರಿಸಿಕೊಳ್ಳಲು ಕೋಡು ತಿದ್ದಿ, ಹೆಮ್ಮೆಯಿಂದ ಗೆಳೆಯನಿಗೆ ತೋರಿಸಿದೆ. ಅವನ ಅಪ್ಪ ತೋಟದಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದವರು. ಅವನು ಆ ಸಾಲನ್ನೇ ತೆರೆದು ನೋಡಿದ: ತಾರೀಖು ಇದೆ, ಹೊತ್ತು ಇದೆ, ಮಳೆಯ ಜಾಗದಲ್ಲಿ ‘0.’ ಅಷ್ಟೇ. ಬರೆಯುತ್ತಿರುವಾಗಲೇ ಕರೆಂಟು ಹೋಗಿದೆ.

“ಬಾಯಿ ಹೊಲೀದೇ ಇರೋ ಮೂಟೆ ಲಾರಿ ಹತ್ತಲ್ಲ ಮಾರಾಯ,” ಅಂದ.

ತಿದ್ದಿದ್ದನ್ನು ಅಳಿಸಿದೆ. ಎಲ್ಲ ಫೈಲಿಗೂ ಇದೇ ನ್ಯಾಯವಲ್ಲ. ಎಡಿಟರ್‌ನಲ್ಲಿ ಕೈಯಾರೆ ಬರೆದ ಫೈಲಾದರೆ ಕೊನೆಯ ಸಾಲು ಪೂರ್ತಿ ಇದ್ದೂ ಆ ಬೈಟ್ ಇಲ್ಲದಿರಬಹುದು, ಆಗ ಸೇರಿಸಿಕೊಳ್ಳಲೇಬೇಕು.

ಇಷ್ಟೆಲ್ಲ ಆದ ಮೇಲೆ ಅವನೇ ಕೇಳಿದ, ಶೇಕಡಾ ತೋರಿಸೋಕೆ ಸಾಲು ಯಾಕೆ ಬೇಕು ಅಂತ. ಹೌದಲ್ಲ! ಫೈಲಿನ ಗಾತ್ರವನ್ನು ಆಪರೇಟಿಂಗ್ ಸಿಸ್ಟಮ್ ಕೇಳಿದ ತಕ್ಷಣ ಹೇಳುತ್ತದೆ. ಓದಿದ ಬೈಟುಗಳನ್ನು ಕೂಡಿಸುತ್ತಾ ಹೋಗಿ ಅದರಿಂದ ಭಾಗಿಸಿದರಾಯಿತು. 6 ಜಿಬಿಯನ್ನು ಎರಡೆರಡು ಸಲ ಓದುವ ಗೋಜೇ ಇಲ್ಲ. ಎಣಿಸುವ ಕೋಡನ್ನು ಪೂರ್ತಿ ತೆಗೆದುಹಾಕಿದೆ.

ಹಸಿರು ಪಟ್ಟಿ ಈಗ ಚೆಂದವಾಗಿ ಓಡುತ್ತದೆ. ತೋಟದವರು ಯಾರೂ ಅದನ್ನು ನೋಡಿದ್ದು ನಾನು ಕಾಣೆ. ಮಳೆಯನ್ನು ಇಂಚಿನ ನೂರನೇ ಒಂದು ಪಾಲಾದ ಸೆಂಟಿನಲ್ಲಿ ಅಳೆಯುವ ಅವರು ಫೋನ್ ಮಾಡಿ ಕೇಳುವುದು ಒಂದೇ, “ನಮ್ಮ ಕಡೆ ಎಷ್ಟು ಸೆಂಟ್ ಬಿತ್ತು?”