ಕ್ಯೋಟೋದ ಮೂಗಿನ ದಿಬ್ಬ

2019ರ ಅಕ್ಟೋಬರ್‌ನಲ್ಲಿ ಕಚೇರಿಯ ಕೆಲಸಕ್ಕೆಂದು ಕ್ಯೋಟೋಗೆ ಹೋಗಿದ್ದಾಗ, ಸಿಯೋಲ್‌ನಿಂದ ಬಂದಿದ್ದ ಹಿರಿಯ ಸಹೋದ್ಯೋಗಿಯೊಬ್ಬರು ಒಂದು ಮಧ್ಯಾಹ್ನ ನನ್ನನ್ನು ‘ಮಿಮಿಝುಕ’ ನೋಡಲು ಕರೆದೊಯ್ದರು. ಹೆಸರಿಗೆ ಅದು ಕಿವಿಗಳ ದಿಬ್ಬ. ಆದರೆ ಅಲ್ಲಿ ಹೂತಿರುವುದು ಹೆಚ್ಚಾಗಿ ಮೂಗುಗಳು. ಆಗ ಜಪಾನಿನ ಆಡಳಿತಗಾರನಾಗಿದ್ದ ಟೊಯೊಟೊಮಿ ಹಿಡೆಯೋಶಿ 1592ರಿಂದ 1598ರವರೆಗೆ ಕೊರಿಯಾದ ಮೇಲೆ ನಡೆಸಿದ ದಂಡಯಾತ್ರೆಯಲ್ಲಿ, ಕೊಂದವರ ತಲೆಗಳನ್ನು ಸಮುದ್ರ ದಾಟಿಸುವುದು ಕಷ್ಟವೆಂದು ಸೈನಿಕರು ಮೂಗು ಕೊಯ್ದು, ಉಪ್ಪಿನಲ್ಲಿಟ್ಟು, ಲೆಕ್ಕ ಹಾಕಿ ಕಳುಹಿಸುತ್ತಿದ್ದರು. ಯೋಧರದಷ್ಟೇ ಅಲ್ಲ, ಊರ ಜನರದೂ ಸೇರಿ ಹತ್ತಾರು ಸಾವಿರ.

ಮನೆಗಳ ನಡುವೆ ಹುಲ್ಲು ಬೆಳೆದ ಮಣ್ಣಿನ ಗುಡ್ಡೆ, ಅದರ ನೆತ್ತಿಯ ಮೇಲೊಂದು ಕಲ್ಲಿನ ಸ್ತೂಪ, ಪಕ್ಕದಲ್ಲಿ ಮಕ್ಕಳು ಆಡುವ ಪುಟ್ಟ ಉದ್ಯಾನ. ನನ್ನನ್ನು ಕಲಕಿದ್ದು ಅದಕ್ಕಿಂತಲೂ ಎದುರಿನ ನೋಟ: ಕೂಗಳತೆಯಲ್ಲಿರುವ ಟೊಯೊಕುನಿ ಗುಡಿಯಲ್ಲಿ ಅದೇ ಹಿಡೆಯೋಶಿಗೆ ದೇವರೆಂದು ಪೂಜೆ ಸಲ್ಲುತ್ತದೆ. ದಿಬ್ಬದ ಮುಂದೆ ಯಾರೋ ಇಟ್ಟ ಹೂಗಳು ಇನ್ನೂ ಬಾಡಿರಲಿಲ್ಲ.

“ನಾನೂರು ವರ್ಷಗಳ ಹಿಂದಿನದಲ್ಲವೇ?” ಎಂದು ಕೇಳಿಬಿಟ್ಟೆ. ಕೇಳಬಾರದಿತ್ತು. ಅವರು ಕೋಪಿಸಿಕೊಳ್ಳದೆ, ತಮ್ಮ ತಾಯಿ ಹಳೆಯದನ್ನೂ ಹೊಸದನ್ನೂ ಬೇರೆ ಮಾಡಿ ಎಣಿಸುವುದಿಲ್ಲ ಎಂದರು. 1910ರಿಂದ 1945ರವರೆಗೆ ಕೊರಿಯಾದಲ್ಲಿ ನಡೆದ ಜಪಾನಿನ ವಸಾಹತು ಆಳ್ವಿಕೆ, ಸೈನಿಕರಿಗೆಂದು ಒಯ್ದ ಹೆಣ್ಣುಮಕ್ಕಳು, ಕಾರ್ಖಾನೆಗಳಲ್ಲಿ ಬಲವಂತವಾಗಿ ದುಡಿಸಿಕೊಂಡ ಯುವಕರು, ಎಲ್ಲವೂ ಆ ತಾಯಿಗೆ ಒಂದೇ ಸಾಲು. ದಕ್ಷಿಣ ಕೊರಿಯಾದೊಂದಿಗಿನ 1965ರ ಒಪ್ಪಂದದಲ್ಲಿ 30 ಕೋಟಿ ಡಾಲರ್ ಅನುದಾನ, 20 ಕೋಟಿ ಡಾಲರ್ ಸಾಲ ಕೊಟ್ಟಾಗಲೇ ಪರಿಹಾರದ ಹಕ್ಕುಗಳೆಲ್ಲ ಇತ್ಯರ್ಥವಾದವು ಎನ್ನುವುದು ಜಪಾನಿನ ವಾದ. ಹಾಗೆ ದುಡಿದವರ ಹಕ್ಕು ಅದರಿಂದ ಮುಗಿಯಲಿಲ್ಲವೆಂದು 2018ರ ಅಕ್ಟೋಬರ್‌ನಲ್ಲಿ ಕೊರಿಯಾದ ಸರ್ವೋಚ್ಚ ನ್ಯಾಯಾಲಯ ಹೇಳಿತು. ಸರ್ಕಾರಗಳ ನಡುವಿನ ಸಹಿ ನೊಂದವರ ಪರವಾಗಿಯೂ ಸಹಿಯೇ ಎಂಬ ಪ್ರಶ್ನೆಗೆ ಜಪಾನಿನ ವಾದದಲ್ಲಿ ನನಗೆ ಇಂದಿಗೂ ಸಮಾಧಾನಕರ ಉತ್ತರ ಕಂಡಿಲ್ಲ.

ನಾವು ಕ್ಯೋಟೋಗೆ ಹೋದ 2019ರ ಜುಲೈನಲ್ಲಿ ಜಪಾನ್, ಚಿಪ್ ಮತ್ತು ಪರದೆಗಳ ತಯಾರಿಕೆಗೆ ಬೇಕಾದ ಮೂರು ರಾಸಾಯನಿಕ ಸಾಮಗ್ರಿಗಳ ರಫ್ತನ್ನು ಕೊರಿಯಾದ ಮಟ್ಟಿಗೆ ಬಿಗಿಗೊಳಿಸಿತ್ತು. ಉತ್ತರವಾಗಿ ಕೊರಿಯನ್ನರು ಜಪಾನಿನ ಬಿಯರ್, ಬಟ್ಟೆ, ಪ್ರವಾಸ ಎಲ್ಲವನ್ನೂ ಬಹಿಷ್ಕರಿಸಿದ್ದರು. ಈ ಪ್ರಯಾಣಕ್ಕೂ ತಾಯಿ ಒಪ್ಪಿರಲಿಲ್ಲವಂತೆ. ಕಚೇರಿಯ ಕೆಲಸ, ಬೇರೆ ದಾರಿಯಿಲ್ಲ ಎಂದು ಹೇಳಿ ಹೊರಟು ಬಂದಿದ್ದರು.

ಹಿಂತಿರುಗುವಾಗ ನಿಲ್ದಾಣದ ಅಂಗಡಿಯಲ್ಲಿ ಅವರು ಹಸಿರು ಚಹಾದ ಪೊಟ್ಟಣವೊಂದನ್ನು ಕೈಗೆತ್ತಿಕೊಂಡು, “ಅಮ್ಮನಿಗೆ ಇದೆಂದರೆ ಬಹಳ ಇಷ್ಟವಿತ್ತು” ಎಂದರು. ಬೆಲೆಯನ್ನೂ ಓದಿದರು. ಆಮೇಲೆ ಅದನ್ನು ಇದ್ದಲ್ಲಿಯೇ ಇಟ್ಟು ರೈಲಿನ ಕಡೆಗೆ ನಡೆದರು.