ಪುಟ್ಟಿಗೆ ಜ್ವರ ಬಂದ ರಾತ್ರಿ

ನಮ್ಮ ಎರಡನೇ ಮಗು ದಿನ ತುಂಬುವ ಮುಂಚೆಯೇ ಹುಟ್ಟಿತು. ತೂಕ 1.7 ಕೆ.ಜಿ. ಹುಟ್ಟಿದಾಗ ಎರಡೂವರೆ ಕೆ.ಜಿ. ಕೂಡ ಇಲ್ಲದಿದ್ದರೆ ಕಡಿಮೆ ತೂಕದ ಮಗು ಅಂತಲೇ ಲೆಕ್ಕ. ಕೆಲವು ವಾರ ಆಸ್ಪತ್ರೆಯಲ್ಲಿಟ್ಟುಕೊಂಡು ಮನೆಗೆ ಕಳಿಸುವಾಗ ನರ್ಸ್ ಎರಡು ಮಾತನ್ನು ಒತ್ತಿ ಹೇಳಿದ್ದರು. ಮಗುವಿನ ಮೈ ತಣ್ಣಗಾಗಬಾರದು. ಎರಡು ಗಂಟೆಗೊಮ್ಮೆ ಹಾಲು ತಪ್ಪಬಾರದು.

ಬಾಣಂತನ ಶಿವಮೊಗ್ಗದಲ್ಲಿ, ತವರಿನಲ್ಲಿ. ಜುಲೈ ತಿಂಗಳ ಮಳೆ ಬಿಡುವೇ ಕೊಡುತ್ತಿರಲಿಲ್ಲ. ಒಗೆದ ಬಟ್ಟೆ ಒಣಗುತ್ತಿರಲಿಲ್ಲ, ಮುಟ್ಟಿದರೆ ಗೋಡೆಯೂ ತಣ್ಣಗೆ. ಇಂಥದ್ದರಲ್ಲಿ ಪಾಪುವನ್ನು ಬೆಚ್ಚಗಿಡಲು ನಮಗೆ ಕಲಿಸಿದ್ದು ಕಾಂಗರೂ ಆರೈಕೆ. ಮಗುವಿಗೆ ಟೋಪಿ, ಕಾಲುಚೀಲ, ಲಂಗೋಟಿ ಮಾತ್ರ ಹಾಕಿ, ಬರಿ ಎದೆಗೆ ನೇರವಾಗಿ ಆನಿಸಿ ಬಟ್ಟೆಯಲ್ಲಿ ಕಟ್ಟಿಕೊಳ್ಳುವುದು. ದಿನಕ್ಕೆ ಕನಿಷ್ಠ ಎಂಟು ಗಂಟೆ, ಆದಷ್ಟೂ ಜಾಸ್ತಿ. 1978ರ ಸುಮಾರಿಗೆ ಕೊಲಂಬಿಯಾದ ಬೊಗೋಟಾದಲ್ಲಿ ಇದು ಶುರುವಾಯಿತಂತೆ. ಅಲ್ಲಿನ ಆಸ್ಪತ್ರೆಯಲ್ಲಿ ಮಕ್ಕಳು ಜಾಸ್ತಿ, ಇನ್‌ಕ್ಯುಬೇಟರ್ ಕಡಿಮೆ. ಯಾವ ಮಗುವಿಗೆ ಕೊಡುವುದು, ಯಾವುದಕ್ಕೆ ಬಿಡುವುದು? ಆ ಕಷ್ಟದಲ್ಲೇ ಡಾಕ್ಟರುಗಳು ತಾಯಿಯ ಎದೆಯ ಕಾವನ್ನು ನೆಚ್ಚಿಕೊಂಡರು.

ನಮ್ಮ ಮನೆಯಲ್ಲಿ ಕಡಿಮೆ ಇದ್ದದ್ದು ಅಮ್ಮ. ಅಂದರೆ ನಾನು.

ಪುಟ್ಟಿಗೆ ಆಗ ನಾಲ್ಕು ವರ್ಷ. ಅದುವರೆಗೂ ನನ್ನ ಪಕ್ಕದಲ್ಲೇ ಮಲಗುತ್ತಿದ್ದವಳು ಅಜ್ಜಿಯ ಹಾಸಿಗೆಗೆ ಹೋಗಿದ್ದಳು. ಗಲಾಟೆ ಮಾಡಲಿಲ್ಲ. ಆದರೆ ಬೆಳಿಗ್ಗೆ ಎದ್ದವಳೇ ಬಾಚಣಿಗೆ, ರಿಬ್ಬನ್ ಹಿಡಿದುಕೊಂಡು ನನ್ನ ಕೋಣೆಯ ಬಾಗಿಲಲ್ಲಿ ನಿಲ್ಲುತ್ತಿದ್ದಳು. ಅಜ್ಜಿ ಕರೆದರೆ, "ಅಜ್ಜಿ ಬಿಗಿಯಾಗಿ ಹಾಕ್ತಾರೆ" ಅನ್ನುವಳು. ಪಾಪು ನನ್ನ ಎದೆಯ ಮೇಲಿದ್ದರೆ ನಾನು ಎರಡು ಕೈಯಲ್ಲಿ ಜಡೆ ಹೆಣೆಯುವುದು ಹೇಗೆ? ಎಷ್ಟೋ ದಿನ ಅವಳು ಕೆದರಿದ ತಲೆಯಲ್ಲೇ ಅಂಗನವಾಡಿಗೆ ಹೋದಳು.

ಒಂದು ಶನಿವಾರ ಸಂಜೆ ಅವಳಿಗೆ ಜ್ವರ ಬಂತು. ನೆಗಡಿ, ಕೆಮ್ಮು, ಮೈ ಕೆಂಡ. ಆಸ್ಪತ್ರೆಗೆ ಫೋನ್ ಮಾಡಿದರೆ, ಪುಟ್ಟಿಗೆ ಜ್ವರದ ಸಿರಪ್ ಕೊಡಿ, ಪಾಪುವಿನ ಹತ್ತಿರ ಬಿಡಬೇಡಿ, ಬೇರೆ ಕೋಣೆಯಲ್ಲಿ ಮಲಗಿಸಿ ಅಂದರು.

"ಅವಳನ್ನ ನಾನು ನೋಡ್ಕೋತೀನಿ. ನೀನು ಪಾಪು ಬಿಟ್ಟು ಏಳಬೇಡ. ಅದಕ್ಕೆ ತಗುಲಿದ್ರೆ ಏನು ಗತಿ?" ಅಂದರು ಅಮ್ಮ. ಅಮ್ಮ ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಆಚೆ ಕೋಣೆಯಿಂದ ಪುಟ್ಟಿ ಒಂದೇ ಸಮನೆ "ಅಮ್ಮ ಬೇಕು, ಅಮ್ಮ ಬೇಕು" ಅಂತ ಅಳುತ್ತಿದ್ದಳು. ಅಜ್ಜಿ ಎತ್ತಿಕೊಂಡರೂ ನಿಲ್ಲಲಿಲ್ಲ.

ನನ್ನ ಗಂಡನಿಗೆ ದಾವಣಗೆರೆಯಲ್ಲಿ ಕೆಲಸ. ವಾರಕ್ಕೊಮ್ಮೆ ಬರುತ್ತಿದ್ದರು. ಅವತ್ತು ಬಂದು ಬಿಸಿನೀರಲ್ಲಿ ಸ್ನಾನ ಮುಗಿಸಿ ಬಾಗಿಲಲ್ಲಿ ನಿಂತಿದ್ದರು. "ಪಾಪುನ ನಂಗೆ ಕಟ್ಟು. ನೀನು ಅವಳ ಹತ್ರ ಹೋಗು" ಅಂದರು.

"ನೀವಾ? ರಾತ್ರಿಯೆಲ್ಲಾನಾ?" ಅಮ್ಮನಿಗೆ ಗಾಬರಿ. ಬಾಣಂತಿ ಕೋಣೆಯಲ್ಲಿ ಅಳಿಯ ಅಂಗಿ ಬಿಚ್ಚಿ ಕೂರುವುದನ್ನು ಅವರು ಎಲ್ಲಿ ಕಂಡಿದ್ದರು! ಆದರೆ ಅಪ್ಪಂದಿರೂ ಮಾಡಬಹುದು ಅಂತ ನರ್ಸೇ ಹೇಳಿ, ಆಸ್ಪತ್ರೆಯಲ್ಲಿ ಇವರಿಗೂ ಕಟ್ಟಿ ತೋರಿಸಿದ್ದರು.

ತಾಯಿಗೆ ಮಕ್ಕಳೆಲ್ಲ ಒಂದೇ ಅಂತಾರೆ. ಪ್ರೀತಿಯ ಮಟ್ಟಿಗೆ ಆ ಮಾತು ನಿಜ. ಸಮಯ, ನಿದ್ದೆ, ದುಡ್ಡು ಹಂಚುವಾಗ ಅಷ್ಟೇ ಸಾಲದು. ಅವತ್ತು ನನಗೆ ದಾರಿ ತೋರಿಸಿದ್ದು ಬೇರೆಯದೇ ಪ್ರಶ್ನೆ. ಈ ಮಗುವಿಗೆ ಬೇಕಾದ್ದನ್ನು ನನ್ನ ಬಿಟ್ಟು ಇನ್ಯಾರಾದರೂ ಕೊಡಬಹುದಾ? ಪಾಪುವಿಗೆ ಹಾಲು ನನ್ನದೇ ಬೇಕು, ಕಾವು ನನ್ನದೇ ಆಗಬೇಕಿಲ್ಲ. ಪುಟ್ಟಿಗೆ ಸಿರಪ್ ಯಾರು ಕುಡಿಸಿದರೂ ಸರಿ, ಪಕ್ಕದಲ್ಲಿ ಮಾತ್ರ ನಾನೇ ಬೇಕು. ಯಾರಿಗೆ ಅಪಾಯ ಜಾಸ್ತಿ ಅಂತ ಮಾತ್ರ ನೋಡುತ್ತಾ ಹೋದರೆ ದೊಡ್ಡ ಮಗುವಿನ ಸರದಿ ಬರುವುದೇ ಇಲ್ಲ.

ಅವರು ದಿಂಬುಗಳಿಗೆ ಒರಗಿ ಕೂತರು. ಪಾಪುವನ್ನು ಎದೆಗೆ ಕಟ್ಟಿ, ಮೇಲೆ ಶಾಲು ಹೊದಿಸಿದೆ. ಮಗು ಸ್ವಲ್ಪ ಕೊಸರಾಡಿ ಸುಮ್ಮನಾಯಿತು. ಪ್ರತಿ ಸಲ ನಾನು ಮಾಸ್ಕ್ ಹಾಕಿ, ಸೋಪಿನಲ್ಲಿ ಕೈ ತೊಳೆದು, ಬಟ್ಟೆ ಬದಲಿಸಿ ಹಾಲು ಹಿಂಡಿಕೊಡುತ್ತಿದ್ದೆ. ಅಮ್ಮ ಕುದಿಸಿಟ್ಟ ಒಳಲೆ ಚೊಕ್ಕವಾಗಿತ್ತು. ಇವರು ಅದರ ಮೂತಿಯನ್ನು ಪಾಪುವಿನ ತುಟಿಯ ಅಂಚಿಗಿಟ್ಟು ಒಂದಿಷ್ಟೇ ಇಷ್ಟು ಹಾಲು ಬಿಟ್ಟು, ಗಂಟಲು ಆಡಿದ್ದು ಕಂಡ ಮೇಲೆ ಇನ್ನಷ್ಟು ಬಿಡುತ್ತಿದ್ದರು. ಆ ತಾಳ್ಮೆ ಕಂಡು ಅಮ್ಮನೂ ಸಮಾಧಾನವಾಗಿ ಹೋಗಿ ಮಲಗಿದರು.

ಪುಟ್ಟಿ ನನ್ನ ಹೊಟ್ಟೆಯ ಮೇಲೆ ಕಾಲು ಹಾಕಿಕೊಂಡು ಮಲಗಿದಳು. "ಪಾಪು ಅತ್ರೆ ಹೋಗ್ತೀಯಾ?"

"ಹಾಲು ಕೊಡೋಕೆ ಹೋಗ್ತೀನಿ. ಆಮೇಲೆ ಬರ್ತೀನಿ. ಪಾಪುಗೆ ಅಪ್ಪ ಇದಾರಲ್ಲ."

"ಅಪ್ಪಂಗೆ ಹಾಲು ಬರಲ್ವಾ?"

ಬರಲ್ಲ ಅಂದೆ. ಸ್ವಲ್ಪ ಹೊತ್ತು ಯೋಚಿಸಿ, "ಹಂಗಾದ್ರೆ ಹೋಗ್ಬಾ" ಅಂದಳು. ಪ್ರತಿ ಸಲ ನಾನು ಬಂದು ಮಲಗಿದಾಗಲೂ ಕಣ್ಣು ಬಿಡದೆ ಕೈ ಚಾಚಿ ನನ್ನ ಬಳೆ ಮುಟ್ಟಿ ನೋಡುತ್ತಿದ್ದಳು. ಬೆಳಗಿನ ಜಾವಕ್ಕೆ ಬೆವರಿ ಜ್ವರ ಇಳಿಯಿತು.

ಅದಾದ ಮೇಲೆ ಅಮ್ಮನೂ ಪಾಪುವನ್ನು ಎದೆಗೆ ಕಟ್ಟಿಕೊಳ್ಳಲು ಕಲಿತರು. ನೆಗಡಿ ಪೂರ್ತಿ ಹೋದ ಮೇಲೆ ಪುಟ್ಟಿಯ ಜಡೆ ಮತ್ತೆ ನನ್ನ ಪಾಲಿಗೆ ಬಂತು.

ದುಡ್ಡಿನ ವಿಷಯ ಅಷ್ಟು ಸುಲಭವಾಗಿರಲಿಲ್ಲ. ಆ ಜೂನ್‌ನಲ್ಲಿ ಪುಟ್ಟಿಯನ್ನು ಎಲ್‌ಕೆಜಿಗೆ ಸೇರಿಸಲು ಎತ್ತಿಟ್ಟಿದ್ದೆಲ್ಲ ಆಸ್ಪತ್ರೆಯ ಬಿಲ್ಲಿಗೆ ಹೋಗಿತ್ತು. ಅವಳು ಆ ವರ್ಷ ಅಂಗನವಾಡಿಯಲ್ಲೇ ಕಳೆದಳು. ಅಲ್ಲಿ ಹಾಲು, ಮೊಟ್ಟೆ, ಮಧ್ಯಾಹ್ನದ ಊಟ ಸಿಕ್ಕಿತು, ಹಾಡು ಕಲಿತಳು, ಗೆಳತಿಯರಾದರು. ಆದರೂ ತಮ್ಮನಿಗಾಗಿ ಅವಳ ಪಾಲಿನದು ಖರ್ಚಾಗಿದೆ ಅನ್ನುವುದನ್ನು ನಾವಿಬ್ಬರೂ ಮರೆಯಲಿಲ್ಲ. ಮಾರನೇ ವರ್ಷ ಪಾಪುವಿನ ಮೊದಲ ಹುಟ್ಟುಹಬ್ಬಕ್ಕೆ ಛತ್ರ ನೋಡೋಣ ಅಂತ ಮನೆಯಲ್ಲಿ ಮಾತು ಬಂದಾಗ ಬೇಡ ಅಂದೆವು. ಶಾವಿಗೆ ಪಾಯಸ ಮಾಡಿ ಮನೆಮಟ್ಟಿಗೆ ಮುಗಿಸಿದೆವು. ಕೈಯಲ್ಲಿದ್ದ ದುಡ್ಡಿನಲ್ಲಿ ಪುಟ್ಟಿಯ ಸ್ಕೂಲ್ ಫೀಸ್ ಕಟ್ಟಿದೆವು.