ಹಿತ್ತಲಲ್ಲಿ ಚಕ್ಕೋತಕ್ಕೊಂದು ಮಡಿ

ನಮ್ಮ ಕಡೆ ಕಡಲೆ ಹೊಲದಲ್ಲಿ ಚಕ್ಕೋತ ಸೊಪ್ಪು (ಹಣ್ಣಿನ ಚಕ್ಕೋತವಲ್ಲ) ಎದ್ದರೆ ಅದು ಕಸ. ಆದರೂ ಮೊದಲೆಲ್ಲ ಸದಿ ತೆಗೆಯುವ ಹೆಣ್ಣಾಳುಗಳು ಅದನ್ನು ಬದುವಿಗೆ ಒಗೆಯುತ್ತಿರಲಿಲ್ಲ, ಉಡಿಯಲ್ಲಿ ಕಟ್ಟಿಕೊಂಡು ಮನೆಗೆ ಒಯ್ಯುತ್ತಿದ್ದರು. ಈಗ ಹೊಲಕ್ಕೆ ಕಳೆನಾಶಕ ಹೊಡೆಯುತ್ತಾರೆ. ಯಾವ ಹೊಲಕ್ಕೆ ಹೊಡೆದಿದ್ದಾರೆ, ಯಾವುದಕ್ಕೆ ಇಲ್ಲ ಎಂದು ಎಲೆ ನೋಡಿ ಹೇಳಲಾಗದು. ಅದಕ್ಕೇ ಕಲಬುರಗಿಯ ನಮ್ಮ ಮನೆಯ ಹಿತ್ತಲಲ್ಲಿ, ನುಗ್ಗೆ ಗಿಡದ ಆಚೆ, ಚಕ್ಕೋತಕ್ಕೆಂದೇ ಒಂದು ಮಡಿ ಬಿಟ್ಟಿದ್ದೇನೆ.

ಎರಿ ಮಣ್ಣು ಭಾದ್ರಪದದ ಮಳೆಗೆ ನೀರು ಹಿಡಿದು ಕೂರುತ್ತದೆ. ಹಾಗಾಗಿ ಮಡಿಯನ್ನು ಒಂದು ಗೇಣು ಎತ್ತರ ಮಾಡಿ, ಸ್ವಲ್ಪ ಮರಳು ಬೆರೆಸಿಟ್ಟು, ದಸರಾ ಮುಗಿದ ಮೇಲೆ ಬೀಜ ಚೆಲ್ಲುತ್ತೇನೆ. ಬೀಜ ಸಾಸಿವೆಗಿಂತ ಸಣ್ಣದು. ಬೆಳಕು ತಾಗಿದರೆ ಚೆನ್ನಾಗಿ ಮೊಳೆಯುತ್ತದೆ, ಆದ್ದರಿಂದ ಹೂಳಬಾರದು. ಒಣ ಮರಳಲ್ಲಿ ಕಲಸಿ ಉದುರಿಸಿ, ಅಂಗೈಯಿಂದ ಒತ್ತಿ, ನೀರು ಚಿಮುಕಿಸಿದರೆ ಸಾಕು. ಎಲ್ಲವೂ ಒಟ್ಟಿಗೆ ಏಳಲಿಲ್ಲವೆಂದು ಗಾಬರಿಯಾಗಬೇಡಿ. ಒಂದೇ ಗಿಡದಲ್ಲಿ ತೆಳು ಸಿಪ್ಪೆಯ ಕಂದು ಬೀಜ ಒಂದಿಷ್ಟು ಇರುತ್ತವೆ, ಅವು ಬೇಗ ಮೊಳೆಯುತ್ತವೆ. ಹೆಚ್ಚಿನವು ದಪ್ಪ ಸಿಪ್ಪೆಯ ಕಪ್ಪು ಬೀಜ. ಅವು ಮಣ್ಣಲ್ಲಿ ವರ್ಷಗಟ್ಟಲೆ ಕಾಯಬಲ್ಲವು.

ಸಸಿ ಗೇಣುದ್ದವಾದಾಗ ಮುಂಜಾನೆ ಹತ್ತಿರ ಕೂತು ನೋಡಿ. ಸುಳಿಯ ಎಲೆಗಳ ಮೇಲೆ, ಬಲಿತ ಎಲೆಯ ಹಿಂಬದಿಗೆ, ಜೋಳದ ಹಿಟ್ಟು ಉದುರಿಸಿದ ಹಾಗೆ ಬಿಳಿ ಪುಡಿ. ಬೆರಳಿಗೆ ಅಂಟುತ್ತದೆ. ರೋಗವೆಂದು ಔಷಧಿ ಹೊಡೆಯಲು ಹೊರಟವರನ್ನು ಕಂಡಿದ್ದೇನೆ! ಅದು ಗಿಡದ್ದೇ ಸಣ್ಣ ಗುಳ್ಳೆಯಂಥ ಕೂದಲು. ನೀರು ಹಾಕಿದರೆ ಹನಿ ಅದರ ಮೇಲೆ ಮುತ್ತಾಗಿ ಉರುಳಿ ಹೋಗುತ್ತದೆ, ಎಲೆ ಒದ್ದೆಯಾಗುವುದೇ ಇಲ್ಲ. ದಂಟಿನ ಮೇಲೆ ಕೆಂಪು ಗೆರೆ, ಎಲೆಯ ಅಂಚಿಗೆ ಒರಟು ಹಲ್ಲು.

ಆರೈಕೆ ಎಂದರೆ ಹೆಚ್ಚಾಗಿ ಕೈ ತಡೆದುಕೊಳ್ಳುವುದೇ. ಯೂರಿಯಾ ಬೇಡವೇ ಬೇಡ. ಗೊಬ್ಬರ ಜಾಸ್ತಿಯಾದರೆ ಎಲೆಯಲ್ಲಿ ನೈಟ್ರೇಟ್ ಸೇರಿಕೊಳ್ಳುತ್ತದೆ. ನಮ್ಮ ಅತ್ತಿ ಅಷ್ಟೆಲ್ಲ ಓದಿದವರಲ್ಲ, ಆದರೂ "ಅದಕ್ಕ ಗೊಬ್ಬರ ಹಾಕಿ ಸೊಕ್ಕಸಬ್ಯಾಡವ್ವ, ರುಚಿ ಹೋಗ್ತದ" ಅಂತಿದ್ದರು. ನಾನು ಮಾಡುವುದಿಷ್ಟೇ: ಒತ್ತಾದ ಸಸಿ ತೆಳುವು ಮಾಡುತ್ತೇನೆ, ಸುಳಿ ಚಿವುಟುತ್ತೇನೆ. ಚಿವುಟಿದಷ್ಟೂ ಟಿಸಿಲು ಒಡೆಯುತ್ತದೆ. ಹೇನು ಕೂತರೆ ಆ ತುದಿ ಮುರಿದು ಒಗೆದುಬಿಡುತ್ತೇನೆ.

ಎಳ್ಳ ಅಮಾವಾಸ್ಯೆಗೆ ಮಡಿ ತುಂಬಿರುತ್ತದೆ. ಆ ಹಬ್ಬದ ನಮ್ಮ ಮನೆಯ ಭಜ್ಜಿಗೆ (ಎಣ್ಣೆಯಲ್ಲಿ ಕರಿದದ್ದಲ್ಲ, ಕಾಳು ಸೊಪ್ಪು ಕೂಡಿಸಿ ಬೇಯಿಸಿದ್ದು) ಹಸಿ ತೊಗರಿ ಕಾಳು, ಹಸಿ ಕಡಲೆ, ಮೆಂತೆ, ಪುಂಡಿ ಎಲ್ಲ ಬಿದ್ದರೂ ಚಕ್ಕೋತ ಇಲ್ಲದಿದ್ದರೆ ಆ ನುಣುಪು ಬರುವುದಿಲ್ಲ. ಉಳಿದ ದಿನ ತೊಗರಿ ಬ್ಯಾಳಿ ಜೊತೆ: ಎಲೆ ಕುದಿಸಿ, ನೀರು ಬಸಿದು, ಬೆಂದ ಬ್ಯಾಳಿಗೆ ಹಾಕಿ ಕಡೆದು, ಜಜ್ಜಿದ ಬಳ್ಳೊಳ್ಳಿ, ಹಸಿ ಖಾರದ ಒಗ್ಗರಣೆ. ಬಿಸಿ ರೊಟ್ಟಿಗೆ ಮತ್ತೇನೂ ಬೇಡ. ಕುದಿಸಿದ ನೀರು ಬಸಿಯುವುದನ್ನು ಮಾತ್ರ ಬಿಡಬೇಡಿ, ಎಲೆಯಲ್ಲಿ ಆಕ್ಸಲೇಟ್ ಇದೆ. ಮೂತ್ರಪಿಂಡದಲ್ಲಿ ಕಲ್ಲಿರುವವರು ಡಾಕ್ಟರನ್ನು ಕೇಳಿಯೇ ತಿನ್ನಬೇಕು.

ವಿಶ್ವಸಂಸ್ಥೆ 2013ನ್ನು ಕ್ವಿನೋವಾ ವರ್ಷವೆಂದು ಸಾರಿತು. ಆ ಕ್ವಿನೋವಾ ನಮ್ಮ ಚಕ್ಕೋತದ ಕುಲದ್ದೇ ಗಿಡ. ಅದನ್ನು ದುಬಾರಿ ಪ್ಯಾಕೆಟ್ಟಿನಲ್ಲಿ ಕೊಂಡು ತಂದು, ಅಂಗಳದ ಚಕ್ಕೋತ ಕಿತ್ತು ಒಗೆಯುವುದನ್ನು ಕಂಡರೆ ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ಶಿವರಾತ್ರಿ ಹೊತ್ತಿಗೆ ಬಿಸಿಲು ಏರಿ ಗಿಡ ತೆನೆ ಹಾಕುತ್ತದೆ, ಎಲೆ ಸಣ್ಣದಾಗಿ ನಾರಾಗುತ್ತದೆ. ಬೇಸಿಗೆಗೆ ರಾಜಗಿರಿಯೇ ಸೈ. ಆಗ ಎರಡು ಒಳ್ಳೆಯ ಗಿಡ ಬಿಟ್ಟು ಉಳಿದವನ್ನು ಕಿತ್ತು, ಬಿಟ್ಟವುಗಳ ತೆನೆಗೆ ಹಳೆ ಧೋತರದ ಚೀಲ ಕಟ್ಟುತ್ತೇನೆ. ಒಂದು ದೊಡ್ಡ ಗಿಡ ಸಾವಿರಗಟ್ಟಲೆ ಬೀಜ ಉದುರಿಸುತ್ತದೆ, ಗಾಳಿಗೆ ಬಿಟ್ಟರೆ ಇಡೀ ಓಣಿಯ ತುಂಬ ಚಕ್ಕೋತವೇ. ಶರಣಬಸವೇಶ್ವರರ ಜಾತ್ರೆ ಆಸುಪಾಸು ತೆನೆ ಉಜ್ಜಿ, ಕೇರಿ, ಡಬ್ಬಿಗೆ ತುಂಬುತ್ತೇನೆ. ಕುಂಡದಲ್ಲಿ ಬೆಳೆಯುವವರು ಕೇಳಿದರೆ ಒಂದು ಚಿಟಿಕೆ ಖುಷಿಯಿಂದ ಕೊಡುತ್ತೇನೆ. ಮನೆ ಪಕ್ಕದಲ್ಲೇ ಕಡಲೆ ಹೊಲ ಇರುವವರಿಗೆ ಬೀಜ ಕೊಡುವುದಿಲ್ಲ, ಎಲೆ ಎಷ್ಟು ಬೇಕಾದರೂ ಒಯ್ಯಲಿ.